ಪ್ಯಾನಿಕ್‌ಗೆ ಮುಂಚಿನ ನಲವತ್ತು ಸಾಲು

(ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದವರು ಸೇರಿದ್ದ ಭಾನುವಾರದ ಸಭೆಯೊಂದರಲ್ಲಿ ಆಡಿದ ಮಾತು ಇದು. ಪರದೆಯ ಮೇಲೆ ತೋರಿಸಿದ್ದನ್ನೂ ಮಾತಿನೊಳಗೇ ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಸ್ವಲ್ಪ ಕೈ ಎತ್ತಿ. "ಕರ್ನಲ್ ಪ್ಯಾನಿಕ್, ನಾಟ್ ಸಿಂಕಿಂಗ್: ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್ ಬ್ಲಾಕ್ (0,0)." ಲಿನಕ್ಸ್ ಬೋರ್ಡು ಬೂಟ್ ಆಗುವಾಗ, ಕರ್ನಲ್‌ಗೆ ತನ್ನ ಮೂಲ ಫೈಲ್‌ಸಿಸ್ಟಮ್ (ಅದೇ ರೂಟ್) ತೆರೆಯಲು ಆಗದೆ ಎಲ್ಲ ನಿಂತಾಗ ಬರುವ ಈ ಸಾಲನ್ನು ಎಷ್ಟು ಜನ ನೋಡಿದ್ದೀರಿ? ಅರ್ಧಕ್ಕಿಂತ ಜಾಸ್ತಿ ಕೈ ಇವೆ. ಸರಿ, ಈ ಸಾಲು ಬಂದ ಕೂಡಲೇ ಅದನ್ನೇ ಕಾಪಿ ಮಾಡಿ ಗೂಗಲ್‌ಗೆ ಹಾಕಿದವರು? ಅವೇ ಕೈಗಳು! ನಾನೂ ಅದನ್ನೇ ಮಾಡಿದವನು, ನಾಚಿಕೆ ಬೇಡ.

ಹಾಗೆ ಹುಡುಕಿದರೆ ಯಾಕೆ ಉತ್ತರ ಸಿಗುವುದಿಲ್ಲ ಗೊತ್ತಾ? ಯಾರೇ ಸತ್ತರೂ ಕೊನೆಗೆ ಹೃದಯ ನಿಂತೇ ಸಾಯುವುದು. "ಹೃದಯ ನಿಂತು ಸತ್ತರು" ಅಂತ ಬರೆದ ಚೀಟಿಯಿಂದ ಕಾಯಿಲೆ ಏನು ಅಂತ ತಿಳಿಯುತ್ತಾ? ಈ ಪ್ಯಾನಿಕ್ ಸಾಲು ಅಂಥದೇ ಚೀಟಿ. ಕಾಯಿಲೆ ಅದರ ಮೇಲಿನ ನಲವತ್ತು ಸಾಲಿನಲ್ಲಿ ಇರುತ್ತದೆ. ಇವತ್ತು ಆ ನಲವತ್ತು ಸಾಲು ಓದುವುದು ಹೇಗೆ ಅಂತಷ್ಟೇ ಮಾತಾಡುತ್ತೇನೆ.

ಓದಬೇಕಾದರೆ ಮೊದಲು ಅವು ಕಾಣಬೇಕು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಯುಎಸ್‌ಬಿ-ಟಿಟಿಎಲ್ ಕನ್ವರ್ಟರ್ (ಬೋರ್ಡಿನ ಸೀರಿಯಲ್ ಪಿನ್ನಿನಿಂದ ಲಾಗ್ ಅನ್ನು ಲ್ಯಾಪ್‌ಟಾಪ್‌ಗೆ ತರುವ ಸಾಧನ) ಸಿಗುತ್ತದೆ, ತನ್ನಿ. ಜಂಪರ್ 5 ವೋಲ್ಟಿನಲ್ಲಿ ಇದ್ದರೆ 3.3ಕ್ಕೆ ಬದಲಿಸಿ, ಇಲ್ಲದಿದ್ದರೆ ಬೋರ್ಡಿನ ಪಿನ್ ಸುಟ್ಟೀತು. ವೇಗ ಸಾಮಾನ್ಯವಾಗಿ 115200 ಬಾಡ್. ಬೂಟ್‌ಲೋಡರ್ ಅಂದರೆ ಕರ್ನಲ್ಲನ್ನು ಎಬ್ಬಿಸುವ ಪ್ರೋಗ್ರಾಂ, ಅದು ಕರ್ನಲ್‌ಗೆ ಕೊಡುವ ಸೂಚನೆಗಳ ಸಾಲು ಬೂಟ್‌ಆರ್ಗ್ಸ್. ಅದರಲ್ಲಿ "ಕ್ವಯಟ್" ಅಂತ ಇದ್ದರೆ ತೆಗೆದುಹಾಕಿ. ಬೂಟ್ ಬೇಗ ಆಗಲಿ ಅಂತ ಯಾರೋ ಅದನ್ನು ಹಾಕಿರುತ್ತಾರೆ, ನಾವು ಎರಡು ದಿನ ಕತ್ತಲಲ್ಲಿ ತಡಕಾಡುತ್ತೇವೆ. ಇನ್ನೊಂದು ಮಾತು: ಲಾಗ್ ಅನ್ನು ಫೈಲಿಗೆ ಉಳಿಸಿ. ಫೋನಿನಲ್ಲಿ ಪರದೆಯ ಫೋಟೊ ತೆಗೆದು ಕಳಿಸಬೇಡಿ. ಫೋಟೊದಲ್ಲಿ ಬರುವುದು ಕೊನೆಯ ಹದಿನೈದು ಸಾಲು. ನಮಗೆ ಬೇಕಾದ್ದು ಅದಕ್ಕೂ ಮೇಲೆ ಇರುತ್ತದೆ.

ಈಗ ಆ ಆವರಣದಲ್ಲಿರುವ ಎರಡು ಸಂಖ್ಯೆ. ಮೊದಲನೆಯದು ಡಿವೈಸಿನ ಮೇಜರ್ ನಂಬರ್, ಅಂದರೆ ಅದು ಯಾವ ಜಾತಿಯ ಡಿವೈಸ್ ಅಂತ. ಎರಡನೆಯದು ಆ ಜಾತಿಯಲ್ಲಿ ಯಾವುದು ಅಂತ. 31 ಅಂದರೆ ಎಂಟಿಡಿ ಬ್ಲಾಕ್, ಅಂದರೆ ಬರಿ ಫ್ಲ್ಯಾಶ್ ಚಿಪ್. 179 ಅಂದರೆ ಇಎಂಎಂಸಿ (ಬೋರ್ಡಿಗೇ ಬೆಸೆದ, ಮೆಮೊರಿ ಕಾರ್ಡಿನಂಥ ಚಿಪ್) ಅಥವಾ ಎಸ್‌ಡಿ ಕಾರ್ಡ್. (31,3) ಅಂತ ಬಂದರೆ ಕರ್ನಲ್‌ಗೆ ಮನೆ ಸಿಕ್ಕಿದೆ, ಒಳಗೆ ಹೋಗೋಕೆ ಆಗಲಿಲ್ಲ ಅಂತ ಅರ್ಥ. (0,0) ಬಂದರೆ ನೀವು ಕೊಟ್ಟ ವಿಳಾಸದಲ್ಲಿ ಮನೆಯೇ ಸಿಗಲಿಲ್ಲ. ಅದರ ಪಕ್ಕದಲ್ಲೇ ಕರ್ನಲ್ ಇನ್ನೊಂದು ಉಪಕಾರ ಮಾಡಿರುತ್ತದೆ: "ಇಗೋ, ನನಗೆ ಕಾಣುತ್ತಿರುವ ಪಾರ್ಟಿಷನ್‌ಗಳು ಇಷ್ಟು" ಅಂತ ಪಟ್ಟಿ ಕೊಡುತ್ತದೆ. ಅದರಲ್ಲಿ 1ಎಫ್03 ಅಂತ ಕಂಡರೆ ಹೆದರಬೇಡಿ. 1ಎಫ್ ಅನ್ನುವುದು ಹೆಕ್ಸ್‌ನಲ್ಲಿ 31. ಬಿ3 ಅಂದರೆ 179. ಪಟ್ಟಿ ಪೂರ್ತಿ ಖಾಲಿ ಇದ್ದರೆ ಫೈಲ್‌ಸಿಸ್ಟಮ್ ಕಡೆ ತಲೆಯೇ ಹಾಕಬೇಡಿ. ಚಿಪ್‌ನ ಡ್ರೈವರ್ ಎದ್ದಿಲ್ಲ, ಅಥವಾ ಡಿವೈಸ್ ಟ್ರೀಯಲ್ಲಿ (ಬೋರ್ಡಿನಲ್ಲಿ ಏನೇನಿದೆ ಅಂತ ಕರ್ನಲ್‌ಗೆ ಹೇಳುವ ಪಟ್ಟಿ) ಅದು ಡಿಸೇಬಲ್ ಆಗಿದೆ. ಪಟ್ಟಿಯಲ್ಲಿ ಇದೆ ಆದರೆ ಹೆಸರು ಬೇರೆ ಇದೆ ಅಂದರೆ, ಬೂಟ್‌ಆರ್ಗ್ಸ್‌ನಲ್ಲಿ ರೂಟ್= ಅಂತ ಕೊಟ್ಟಿರುವುದು ತಪ್ಪು.

ಎಸ್‌ಡಿ ಕಾರ್ಡು, ಇಎಂಎಂಸಿಯಲ್ಲಿ ಇನ್ನೊಂದು ಚೇಷ್ಟೆ ಇದೆ. ಕರ್ನಲ್ ರೂಟ್ ಹುಡುಕುವ ಹೊತ್ತಿಗೆ ಕಾರ್ಡು ಇನ್ನೂ ಎದ್ದಿರುವುದಿಲ್ಲ. ಪ್ಯಾನಿಕ್ ಆದ ಆಸುಪಾಸಿನಲ್ಲೇ "ಎಂಎಂಸಿ0: ನ್ಯೂ ಹೈಸ್ಪೀಡ್ ಕಾರ್ಡ್" ಅಂತ ಸಾಲು ಬಂದಿರುತ್ತದೆ. ಮದುವೆ ಮುಗಿದ ಮೇಲೆ ಬಂದ ನೆಂಟರ ಹಾಗೆ. ಅದಕ್ಕೆ "ರೂಟ್‌ವೇಟ್" ಅನ್ನುವ ಒಂದೇ ಪದ ಬೂಟ್‌ಆರ್ಗ್ಸ್‌ಗೆ ಸೇರಿಸಿದರೆ ಸಾಕು, ಕರ್ನಲ್ ಕಾಯುತ್ತದೆ.

ಆದರೆ ಈ (0,0) ಒಂದು ಕಡೆ ನಿಮ್ಮನ್ನು ದಾರಿ ತಪ್ಪಿಸುತ್ತದೆ. ನಿಮ್ಮ ರೂಟ್ ಯುಬಿಐಎಫ್‌ಎಸ್ (ಬರಿ ಫ್ಲ್ಯಾಶ್‌ಗೆಂದೇ ಮಾಡಿದ ಫೈಲ್‌ಸಿಸ್ಟಮ್) ಆಗಿದ್ದರೆ, ಕಾಯಿಲೆ ಏನೇ ಇದ್ದರೂ (0,0) ಅಂತಲೇ ಬರುತ್ತದೆ. ಯಾಕೆಂದರೆ ಯುಬಿಐಎಫ್‌ಎಸ್ ಬ್ಲಾಕ್ ಡಿವೈಸಿನ ಮೇಲೆ ಕೂರುವುದೇ ಇಲ್ಲ. ಅದಕ್ಕೆ ಮೇಜರ್ ನಂಬರೇ ಇಲ್ಲ. ಅಲ್ಲಿ ಆವರಣವನ್ನು ಬಿಟ್ಟು ಅದರ ಪಕ್ಕದ ಎರರ್ ಸಂಖ್ಯೆ ನೋಡಿ. ಮೈನಸ್ 19 ಅಂದರೆ ಡಿವೈಸ್ ಇಲ್ಲ: ಬಹಳ ಸಲ "ಯುಬಿಐ.ಎಂಟಿಡಿ=" ಕೊಡೋದೇ ಮರೆತಿರುತ್ತೀರಿ. ಮೈನಸ್ 22 ಅಂದರೆ ಲೆಕ್ಕ ಹೊಂದುತ್ತಿಲ್ಲ. ಮೈನಸ್ 74 ಅಂದರೆ ಇಸಿಸಿ (ಡೇಟಾದ ತಪ್ಪು ಹಿಡಿದು ತಿದ್ದುವ ಕೋಡ್) ತಾಳೆಯಾಗಲಿಲ್ಲ, ಅಂದರೆ ಓದಿದ ಡೇಟಾ ಕೆಟ್ಟಿದೆ. ಈ 74ರ ಕತೆ ಆಮೇಲೆ ಹೇಳುತ್ತೇನೆ, ಅದು ನನ್ನ ಕೂದಲು ಬೆಳ್ಳಗಾದ ಕತೆ.

ಅದಕ್ಕೂ ಮುಂಚೆ ಪಾರ್ಟಿಷನ್ ವಿಷಯ. ಪಿಸಿಯ ಹಾರ್ಡ್ ಡಿಸ್ಕಿನಲ್ಲಿ ಪಾರ್ಟಿಷನ್ ಪಟ್ಟಿ ಡಿಸ್ಕಿನ ಒಳಗೇ ಇರುತ್ತದೆ. ಬರಿ ಫ್ಲ್ಯಾಶ್‌ನಲ್ಲಿ ಸಾಮಾನ್ಯವಾಗಿ ಹಾಗಿಲ್ಲ. ಎಲ್ಲಿಂದ ಎಲ್ಲಿಗೆ ಏನಿದೆ ಅಂತ ಯು-ಬೂಟ್‌ಗೆ (ಅದೇ ನಮ್ಮ ಬೂಟ್‌ಲೋಡರ್) ಒಂದು ಕಡೆ ಹೇಳಿರುತ್ತೇವೆ, ಕರ್ನಲ್‌ಗೆ ಡಿವೈಸ್ ಟ್ರೀಯಲ್ಲೋ "ಎಂಟಿಡಿಪಾರ್ಟ್ಸ್=" ಸಾಲಿನಲ್ಲೋ ಇನ್ನೊಂದು ಕಡೆ ಹೇಳಿರುತ್ತೇವೆ. ಅಣ್ಣ ತಮ್ಮಂದಿರ ಹತ್ತಿರ ಬೇರೆ ಬೇರೆ ಪಾಲುಪತ್ರ ಇದ್ದ ಹಾಗೆ. ಇಬ್ಬರದೂ ಒಂದೇ ಅಳತೆ ಇರುವವರೆಗೆ ಜಗಳ ಇಲ್ಲ. ಕರ್ನಲ್‌ಗೆ ಅಂತ 4 ಎಂಬಿ ಬಿಟ್ಟಿದ್ದೀರಿ ಅಂದುಕೊಳ್ಳಿ. ಒಂದು ದಿನ ಯಾರೋ ವೈಫೈ ಡ್ರೈವರ್ ಸೇರಿಸುತ್ತಾರೆ, ಕರ್ನಲ್ 4.2 ಎಂಬಿ ಆಗುತ್ತದೆ. ಯು-ಬೂಟ್‌ಗೆ ವಿಳಾಸ, ಅಳತೆ ನೇರ ಕೊಟ್ಟು ಬರೆದರೆ ಅದು ಗಲಾಟೆ ಮಾಡದೆ ಬರೆದುಬಿಡುತ್ತದೆ. ಬೇಲಿ ದಾಟಿ ರೂಟ್‌ಎಫ್‌ಎಸ್‌ನ ಮೊದಲ ಎರಡು ಬ್ಲಾಕು ಹೋಯಿತು. ಕರ್ನಲ್ ಚೆನ್ನಾಗೇ ಬೂಟ್ ಆಗಿ, ತಾನೇ ತುಳಿದ ರೂಟ್ ಸಿಗದೆ ಪ್ಯಾನಿಕ್ ಆಗುತ್ತದೆ.

ಇದನ್ನು ಹಿಡಿಯೋದು ಸುಲಭ. ಯು-ಬೂಟ್ ಪ್ರಾಂಪ್ಟಿನಲ್ಲಿ ನಿಂತು, ಆ ಪಾರ್ಟಿಷನ್ನಿನ ಮೊದಲ ಪುಟವನ್ನು ರ್‍ಯಾಮ್‌ಗೆ ಓದಿ, ಮೊದಲ ನಾಲ್ಕು ಬೈಟ್ ನೋಡಿ. 55 42 49 23 ಅಂತ ಇದ್ದರೆ ಅದು ಯುಬಿಐ, ಯುಬಿಐಎಫ್‌ಎಸ್‌ನ ಕೆಳಗಿನ ಪದರ. ಬಲಗಡೆ ಅಕ್ಷರದಲ್ಲಿ "ಯುಬಿಐ#" ಅಂತಲೇ ಕಾಣುತ್ತದೆ. 68 73 71 73 ಇದ್ದರೆ ಸ್ಕ್ವಾಷ್‌ಎಫ್‌ಎಸ್ ಅನ್ನುವ ಬೇರೊಂದು ಫೈಲ್‌ಸಿಸ್ಟಮ್. 85 19 ಇದ್ದರೆ ಜೆಎಫ್‌ಎಫ್‌ಎಸ್2. 19 85 ಅಂತ ತಿರುಗಿದ್ದರೆ ಅದೂ ಜೆಎಫ್‌ಎಫ್‌ಎಸ್2, ಆದರೆ ಬಿಗ್ ಎಂಡಿಯನ್ ಇಮೇಜು, ಅಂದರೆ ಚಿಪ್‌ಗೆ ಬರೆಯಲು ಕಟ್ಟಿದ ಫೈಲಿನಲ್ಲಿ ಬೈಟ್‌ಗಳ ಕ್ರಮ ತಿರುಗಿದೆ. ನಿಮ್ಮದು ಲಿಟಲ್ ಎಂಡಿಯನ್ ಬೋರ್ಡ್ ಆದರೆ ಅದು ಮೌಂಟ್ ಆಗುವುದಿಲ್ಲ. 27 05 19 56 ಅಂತ ಕಂಡರೆ ನಗಬಹುದು: ಅದು ಯುಇಮೇಜ್, ರೂಟ್ ಇರಬೇಕಾದ ಜಾಗಕ್ಕೆ ಕರ್ನಲ್ ಅನ್ನೇ ಬರೆದಿದ್ದೀರಿ. ಎಲ್ಲ ಎಫ್‌ಎಫ್ ಇದ್ದರೆ ಅಳಿಸಿದ್ದೀರಿ, ಬರೆದಿಲ್ಲ. ಈ ಐದು ನಿಮಿಷದ ಕೆಲಸ ಮಾಡದೆ ಕರ್ನಲ್ ಕಾನ್ಫಿಗ್ ತಿದ್ದುತ್ತಾ ಕೂರುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಚರಿತ್ರೆ ಎರಡೇ ಮಾತಿನಲ್ಲಿ ಹೇಳಿ ಮುಂದೆ ಹೋಗ್ತೀನಿ. ಸ್ವೀಡನ್ನಿನ ಆಕ್ಸಿಸ್ ಕಂಪನಿ ಮೊದಲ ಜೆಎಫ್‌ಎಫ್‌ಎಸ್ ಮಾಡಿತು. 2001ರಲ್ಲಿ ಡೇವಿಡ್ ವುಡ್‌ಹೌಸ್ ರೆಡ್ ಹ್ಯಾಟ್‌ನಲ್ಲಿ ಇದ್ದಾಗ ಅದನ್ನು ಹೊಸದಾಗಿ ಬರೆದರು, ಅದೇ ಜೆಎಫ್‌ಎಫ್‌ಎಸ್2. ಅದು ಮೌಂಟ್ ಆಗುವಾಗ ಫ್ಲ್ಯಾಶ್ ಪೂರ್ತಿ ಸ್ಕ್ಯಾನ್ ಮಾಡುತ್ತದೆ, ಹಾಗಾಗಿ ಚಿಪ್ ದೊಡ್ಡದಾದಷ್ಟೂ ನಿಧಾನ. ಆಮೇಲೆ ನೋಕಿಯಾದವರು ಹಂಗೆರಿಯ ಸೆಗೆಡ್ ವಿಶ್ವವಿದ್ಯಾಲಯದ ಜೊತೆ ಸೇರಿ ಯುಬಿಐಎಫ್‌ಎಸ್ ಮಾಡಿದರು. 2008ರಲ್ಲಿ, 2.6.27ನೇ ಕರ್ನಲ್‌ಗೆ ಅದು ಸೇರಿತು. ಅದರ ಕೆಳಗೆ ಕೆಟ್ಟ ಬ್ಲಾಕು, ಸವೆತ ಎಲ್ಲ ನೋಡಿಕೊಳ್ಳುವ ಪದರ ಯುಬಿಐ.

ಯುಬಿಐನಲ್ಲಿ ಎರಡು ಸಂಖ್ಯೆ ಬಾಯಿಪಾಠ ಮಾಡಿಕೊಳ್ಳಿ: 129024 ಮತ್ತು 126976. ಎಲ್ಲಿಂದ ಬಂತು ಇವು? ತುಂಬಾ ನ್ಯಾಂಡ್ (ಫ್ಲ್ಯಾಶ್‌ನ ಒಂದು ಬಗೆ) ಚಿಪ್‌ಗಳಲ್ಲಿ ಒಂದು ಪುಟ 2048 ಬೈಟ್, 64 ಪುಟ ಸೇರಿ ಒಂದು ಬ್ಲಾಕ್, ಅಂದರೆ 131072 ಬೈಟ್. ಪ್ರತಿ ಬ್ಲಾಕಿನ ತಲೆಯಲ್ಲಿ ಯುಬಿಐ ಎರಡು ಚಿಕ್ಕ ಹೆಡರ್ ಇಡುತ್ತದೆ. ಚಿಪ್ ಮತ್ತು ಕಂಟ್ರೋಲರ್ ಎರಡೂ ಅರ್ಧಂಬರ್ಧ ಪುಟ ಬರೆಯಲು ಬಿಟ್ಟರೆ, ಎರಡೂ ಹೆಡರ್ ಒಂದೇ ಪುಟದಲ್ಲಿ ಹಿಡಿಯುತ್ತವೆ: ಒಂದು ಸೊನ್ನೆಯಲ್ಲಿ, ಇನ್ನೊಂದು (ವಿಐಡಿ ಹೆಡರ್) 512ರಲ್ಲಿ. ಒಂದು ಪುಟ ಕಳೆಯಿರಿ, ಡೇಟಾಗೆ ಉಳಿಯುವುದು 129024. ಬಿಡದಿದ್ದರೆ ಒಂದೊಂದಕ್ಕೆ ಒಂದೊಂದು ಪುಟ. ಎರಡು ಪುಟ ಕಳೆಯಿರಿ, 126976. ನೀವು ಇಮೇಜ್ ಕಟ್ಟುವಾಗ ಒಂದು ಲೆಕ್ಕ, ಬೋರ್ಡಿನ ಕರ್ನಲ್ ಇನ್ನೊಂದು ಲೆಕ್ಕ ಹಿಡಿದರೆ "ಬ್ಯಾಡ್ ವಿಐಡಿ ಹೆಡರ್ ಆಫ್‌ಸೆಟ್ 2048, ಎಕ್ಸ್‌ಪೆಕ್ಟೆಡ್ 512" ಅಂತ ಬರುತ್ತದೆ, ಬಾಲದಲ್ಲಿ ಮೈನಸ್ 22. ಚಿಪ್ ಕೆಟ್ಟಿಲ್ಲ. ಇಮೇಜ್ ಕಟ್ಟಿದ ಲೆಕ್ಕ ಬದಲಿಸಿ, ಅಷ್ಟೇ. ಯಾವ ಲೆಕ್ಕ ಸರಿ ಅಂತ ಡೇಟಾಶೀಟ್ ನೋಡಿ ಊಹೆ ಮಾಡಬೇಡಿ, ಕರ್ನಲ್ಲನ್ನೇ ಕೇಳಿ. ಯುಬಿಐ ಅಟ್ಯಾಚ್ ಆಗುವಾಗ ಈ ಅಳತೆಗಳನ್ನು ತಾನೇ ಲಾಗಿನಲ್ಲಿ ಹೇಳುತ್ತದೆ.

ಈಗ 74ರ ಕತೆ.

ಆಗ ನಾವು ಹಳ್ಳಿಯ ಹಾಲಿನ ಡೈರಿಗಳಿಗೆ ಒಂದು ಪೆಟ್ಟಿಗೆ ಮಾಡುತ್ತಿದ್ದೆವು. ಬೆಳಗ್ಗೆ ಸಂಜೆ ಹಾಲಿನ ತೂಕ, ಫ್ಯಾಟು ದಾಖಲಿಸಿ ಚೀಟಿ ಕೊಡುವ ಪೆಟ್ಟಿಗೆ. ಹಳೇ ಬೋರ್ಡುಗಳು ಎರಡು ವರ್ಷದಿಂದ ಸುಮ್ನೆ ಓಡುತ್ತಿದ್ದವು. ಒಂದು ಸಲ ಹಳೇ ನ್ಯಾಂಡ್ ಚಿಪ್ ಸಿಗದೆ ಹೊಸ ಚಿಪ್ ಹಾಕಿದೆವು. ಹೊಸದಕ್ಕೆ ಜಾಸ್ತಿ ಬಲದ ಇಸಿಸಿ ಬೇಕಿತ್ತು. ಹಳೆಯದು 512 ಬೈಟಿಗೆ ಒಂದು ಬಿಟ್ ತಪ್ಪು ತಿದ್ದುವ ಹ್ಯಾಮಿಂಗ್ ಕೋಡ್, ಹೊಸದು 8 ಬಿಟ್ ತಿದ್ದುವ ಬಿಸಿಎಚ್. ಯು-ಬೂಟ್‌ನಲ್ಲೂ ಕರ್ನಲ್‌ನಲ್ಲೂ ಬದಲಿಸಿದೆವು. ಫ್ಯಾಕ್ಟರಿಯಲ್ಲಿ ಆನ್ ಮಾಡಿ ಟೆಸ್ಟ್ ಮಾಡಿದರು, ಪಾಸ್. ಮೊದಲ ಕಂತಿನಲ್ಲಿ 12 ಪೆಟ್ಟಿಗೆ ಹೋದವು.

ಮೂರನೇ ದಿನ ಬೆಳಗ್ಗೆ ಆರಕ್ಕೆ ಫೋನು. ನಮ್ಮ ಫೀಲ್ಡ್ ಹುಡುಗ. "ಸಾರ್, ಲೈಟ್ ಬರ್ತಿದೆ, ಡಿಸ್‌ಪ್ಲೇ ಬರ್ತಿಲ್ಲ. ಹಾಲು ಹಿಡ್ಕೊಂಡು ಕ್ಯೂ ನಿಂತಿದ್ದಾರೆ, ಸೆಕ್ರೆಟರಿ ಬೈತಿದ್ದಾರೆ." "ರಾತ್ರಿ ಕರೆಂಟ್ ಹೋಗಿತ್ತಾ?" "ಕರೆಂಟ್ ಇಲ್ಲಿ ದಿನಾ ಹೋಗುತ್ತೆ ಸಾರ್." ವಾರದೊಳಗೆ ಹನ್ನೊಂದು ಪೆಟ್ಟಿಗೆ ಹಾಗೇ ಆದವು. ಸೀರಿಯಲ್ ಕೇಬಲ್ ಹಾಕಿದರೆ ಎಲ್ಲದರಲ್ಲೂ ಅದೇ (0,0) ಪ್ಯಾನಿಕ್, ಅದರ ಮೇಲೆ ಸಾಲು ಸಾಲಾಗಿ ಯುಬಿಐ ಎರರ್ ಮೈನಸ್ 74.

ಮೊದಲ ಅನುಮಾನ: ಯು-ಬೂಟ್ ಒಂದು ಇಸಿಸಿ, ಕರ್ನಲ್ ಇನ್ನೊಂದು ಇಸಿಸಿ ಬಳಸುತ್ತಿದೆ. ಇದು ತುಂಬಾ ಹಳೆಯ ಕಾಯಿಲೆ. ಬೀಗಲ್‌ಬೋರ್ಡ್ ಅನ್ನುವ ಹಳೆಯ ಲಿನಕ್ಸ್ ಬೋರ್ಡಿನ ಕಾಲದವರಿಗೆ ಯು-ಬೂಟ್‌ನಲ್ಲಿ "ನ್ಯಾಂಡ್‌ಇಸಿಸಿ ಎಚ್‌ಡಬ್ಲ್ಯು" ಅಂತ ಟೈಪ್ ಮಾಡಿ ಮಾಡಿ ಬೆರಳು ಸವೆದಿರುತ್ತದೆ. ಆದರೆ ಹಾಗಿದ್ದರೆ ಮೊದಲ ಬೂಟೇ ಆಗಬಾರದಿತ್ತು. ಇಲ್ಲಿ ಮೊದಲ ಬೂಟ್ ಸರಾಗವಾಗಿ ಆಗಿದೆ. ಎರಡನೇ ಅನುಮಾನ, ಕರೆಂಟ್ ಹೋದಾಗ ಬರೆಯುತ್ತಿದ್ದದ್ದು ಅರ್ಧಕ್ಕೆ ನಿಂತು ಕೆಟ್ಟಿತು ಅಂತ. ಬೆಂಚಿನ ಮೇಲೆ ನೀಟಾಗಿ ಶಟ್‌ಡೌನ್ ಮಾಡಿಯೇ ಆನ್ ಮಾಡಿದೆವು. ಮೂರನೇ ಬೂಟಿಗೆ ಮಲಗಿತು. ಮೂರನೆಯದು, ಚಿಪ್ಪೇ ಕಳಪೆ. ಪರ್ಚೇಸ್‌ನವರ ಜೊತೆ ಜಗಳ ಆಯಿತು. ಬೇರೆ ಲಾಟಿನ ಚಿಪ್ ತಂದರು. ಅದೂ ಅಷ್ಟೇ.

ಹುಡುಕಾಟದ ನಾಲ್ಕನೇ ದಿನ ನನಗೆ ಬಡಿದದ್ದು: ಹನ್ನೆರಡರಲ್ಲಿ ಹನ್ನೊಂದು ಕೆಟ್ಟಿವೆ. ಆ ಒಂದು ಯಾಕೆ ಕೆಟ್ಟಿಲ್ಲ? ಅದೇ ಚಿಪ್, ಅದೇ ಇಮೇಜ್. ಅಲ್ಲೂ ಕರೆಂಟ್ ಹೋಗುತ್ತದೆ. ವಿಚಾರಿಸಿದರೆ, ಫ್ಯಾಕ್ಟರಿಯಲ್ಲಿ ಆ ಬೋರ್ಡಿನ ನೆಟ್‌ವರ್ಕ್ ಪೋರ್ಟ್ ಕೈಕೊಟ್ಟಿತ್ತಂತೆ. ಯು-ಬೂಟ್ ಸ್ಕ್ರಿಪ್ಟಿನಿಂದ ಬರೆಯಲು ಆಗದೆ, ಟೆಕ್ನೀಷಿಯನ್ ಎಸ್‌ಡಿ ಕಾರ್ಡಿನಿಂದ ಲಿನಕ್ಸ್ ಬೂಟ್ ಮಾಡಿ "ಯುಬಿಐಫಾರ್ಮ್ಯಾಟ್" ಕಮಾಂಡಿನಿಂದ ಇಮೇಜ್ ಬರೆದು, ಆಮೇಲೆ ಪೋರ್ಟ್ ರಿಪೇರಿ ಮಾಡಿದ್ದ. ಬೇರೆ ಹನ್ನೊಂದಕ್ಕೆ ಯು-ಬೂಟ್‌ನ "ನ್ಯಾಂಡ್ ರೈಟ್".

ಎರಡಕ್ಕೂ ಏನು ವ್ಯತ್ಯಾಸ? ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ನ್ಯಾಂಡ್ ಬ್ಲಾಕನ್ನು ಅಳಿಸಿದರೆ ಎಲ್ಲ ಬಿಟ್ಟೂ 1 ಆಗುತ್ತವೆ, ಅಂದರೆ ಬರಿ ಎಫ್‌ಎಫ್. ಬರೆಯುವುದು ಅಂದರೆ 1 ಇದ್ದದ್ದನ್ನು 0 ಮಾಡುವುದು. 0 ಆದದ್ದನ್ನು ತಿರುಗಿ 1 ಮಾಡಬೇಕಾದರೆ ಇಡೀ ಬ್ಲಾಕ್ ಅಳಿಸಬೇಕು. ಸ್ಲೇಟಿನಲ್ಲಿ ಒಂದು ಅಕ್ಷರ ತಿದ್ದಲು ಇಡೀ ಸ್ಲೇಟ್ ಒರೆಸಿದ ಹಾಗೆ. ಪ್ರತಿ ಪುಟದ ಪಕ್ಕದಲ್ಲಿ 64 ಬೈಟಿನ ಅಂಚು ಇರುತ್ತದೆ. ಇಸಿಸಿ ಬರೆಯುವುದು ಅಲ್ಲಿ.

ಇಮೇಜಿನಲ್ಲಿ ಬ್ಲಾಕಿನ ಕೊನೆಯ ಪುಟಗಳು ಖಾಲಿ ಇರುತ್ತವೆ, ಬರಿ ಎಫ್‌ಎಫ್. ಮಾಮೂಲಿ "ನ್ಯಾಂಡ್ ರೈಟ್" ಆ ಖಾಲಿ ಪುಟಗಳನ್ನೂ ನಿಷ್ಠೆಯಿಂದ ಬರೆಯುತ್ತದೆ. ಡೇಟಾ ಎಫ್‌ಎಫ್, ಅದೇನೂ ಬದಲಾಗದು. ಆದರೆ ಅಂಚಿನಲ್ಲಿ ಇಸಿಸಿ ಕೂತುಬಿಟ್ಟಿತು. ಡೈರಿಯ ಲೆಕ್ಕದ ಪುಸ್ತಕದಲ್ಲಿ ಖಾಲಿ ಪುಟದ ಕೆಳಗೆ ಯಾರೋ ಮೊದಲೇ ಇಂಕಿನಲ್ಲಿ "ಒಟ್ಟು ಸೊನ್ನೆ" ಅಂತ ಬರೆದಿಟ್ಟ ಹಾಗೆ. ಆಮೇಲೆ ಯುಬಿಐಎಫ್‌ಎಸ್ ಬಂದು ನೋಡುತ್ತದೆ. ಪುಟ ಎಫ್‌ಎಫ್ ಇದೆ, ಹಾಗಾದರೆ ಖಾಲಿ ಅಂತ ತಿಳಿದು ನಿಜವಾದ ಲೆಕ್ಕ ಬರೆಯುತ್ತದೆ. ಕೆಳಗೆ ಹೊಸ ಮೊತ್ತವನ್ನು ಹಳೆಯದರ ಮೇಲೇ ಬರೆಯುತ್ತದೆ. ಎರಡರಲ್ಲಿ ಎಲ್ಲೆಲ್ಲಿ 0 ಇತ್ತೋ ಅದೆಲ್ಲ 0 ಆಗಿ ಕಲಸಿಹೋಗುತ್ತದೆ. ಮುಂದಿನ ಬೂಟಿನಲ್ಲಿ ಓದಿದರೆ ಪುಟಕ್ಕೂ ಮೊತ್ತಕ್ಕೂ ತಾಳೆಯೇ ಇಲ್ಲ. ಮೈನಸ್ 74.

ಹಳೇ ಬೋರ್ಡುಗಳಲ್ಲಿ ಎರಡು ವರ್ಷ ಯಾಕೆ ಆಗಲಿಲ್ಲ? ಆ ಹ್ಯಾಮಿಂಗ್ ಕೋಡಿನಲ್ಲಿ ಎಲ್ಲ ಎಫ್‌ಎಫ್ ಇರುವ ಪುಟದ ಇಸಿಸಿ ಕೂಡ ಎಫ್‌ಎಫ್ ಬರುವ ಹಾಗೆ ಮಾಡಿರುತ್ತಾರೆ. ಅಂಚಿನಲ್ಲಿ ಏನೂ ಬರೆದ ಹಾಗೆ ಆಗುವುದಿಲ್ಲ. ನಮ್ಮ ಹೊಸ ಕಂಟ್ರೋಲರಿನ ಬಿಸಿಎಚ್‌ನಲ್ಲಿ ಹಾಗಿರಲಿಲ್ಲ. ತಪ್ಪು ಎರಡು ವರ್ಷದಿಂದ ನಮ್ಮ ಸ್ಕ್ರಿಪ್ಟಿನಲ್ಲೇ ಕೂತಿತ್ತು, ಚಿಪ್ ಬದಲಿಸಿದ ದಿನ ಎದ್ದು ಬಂತು. ಯುಬಿಐಫಾರ್ಮ್ಯಾಟ್ ಬ್ಲಾಕಿನ ಕೊನೆಯ ಖಾಲಿ ಪುಟಗಳನ್ನು ಬರೆಯದೆ ಬಿಡುತ್ತದೆ, ಆ ಒಂದು ಪೆಟ್ಟಿಗೆ ಉಳಿದದ್ದು ಅದಕ್ಕೇ.

ಮದ್ದು, ಕೊನೆಯ ಖಾಲಿ ಪುಟಗಳನ್ನು ಬಿಟ್ಟು ಬರೆಯಿಸುವ ಒಂದೇ ಪದ: "ನ್ಯಾಂಡ್ ರೈಟ್.ಟ್ರಿಮ್‌ಎಫ್‌ಎಫ್‌ಎಸ್". ಜೊತೆಗೆ ಇಮೇಜ್ ಕಟ್ಟುವಾಗ ಮೈನಸ್ ದೊಡ್ಡ ಎಫ್ ಆಪ್ಷನ್ ಕೊಟ್ಟೆವು. ಅದು ಇದ್ದರೆ ಯುಬಿಐಎಫ್‌ಎಸ್ ಮೊದಲ ಮೌಂಟಿನಲ್ಲೇ ಖಾಲಿ ಜಾಗ ಇರುವ ಬ್ಲಾಕುಗಳನ್ನೆಲ್ಲ ತಾನೇ ಸರಿಮಾಡಿಕೊಳ್ಳುತ್ತದೆ. ಫ್ಯಾಕ್ಟರಿ ಟೆಸ್ಟಿನಲ್ಲಿ ಒಂದು ಬೂಟ್ ಇದ್ದದ್ದನ್ನು ಐದು ಮಾಡಿದೆವು. ಪರ್ಚೇಸ್‌ನವರಿಗೆ ಕಾಫಿ ಕೊಡಿಸಿದೆ.

ಈ ಗಲಾಟೆಯ ನಡುವೆ ನಮ್ಮಲ್ಲೊಬ್ಬ ಮಾಡಿದ್ದನ್ನೂ ಹೇಳಬೇಕು. ಎರೇಸ್ ಸರಿಯಾಗಿ ಆಗುತ್ತಿಲ್ಲವೇನೋ ಅಂತ "ನ್ಯಾಂಡ್ ಸ್ಕ್ರಬ್" ಓಡಿಸಿದ. ದಯವಿಟ್ಟು ಅದನ್ನು ಮಾಡಬೇಡಿ. ನ್ಯಾಂಡ್ ಚಿಪ್ ಫ್ಯಾಕ್ಟರಿಯಿಂದ ಬರುವಾಗಲೇ ಕೆಲವು ಬ್ಲಾಕು ಕೆಟ್ಟಿರುತ್ತವೆ. 1024 ಬ್ಲಾಕಿನ ಚಿಪ್ಪಿನಲ್ಲಿ ಕನಿಷ್ಠ 1004 ಚೆನ್ನಾಗಿರುತ್ತವೆ ಅಂತ ಎಷ್ಟೋ ಡೇಟಾಶೀಟ್‌ಗಳಲ್ಲೇ ಬರೆದಿರುತ್ತದೆ. ಯಾವುದು ಕೆಟ್ಟದ್ದು ಅನ್ನುವ ಗುರುತು ಆ ಬ್ಲಾಕಿನ ಅಂಚಿನಲ್ಲೇ ಇರುತ್ತದೆ. ಸ್ಕ್ರಬ್ ಮಾಡಿದರೆ ಆ ಗುರುತೂ ಹೋಗುತ್ತದೆ, ಮತ್ತೆ ಹುಟ್ಟುವುದಿಲ್ಲ. ಯು-ಬೂಟ್ "ನಿಜವಾಗಲೂ ಮಾಡಲಾ?" ಅಂತ ಕೇಳುತ್ತದೆ. ಇಲ್ಲ ಅನ್ನಿ.

ಕೊನೆಯ ಒಂದು ಮೋಸ. "ವಿಎಫ್‌ಎಸ್: ಮೌಂಟೆಡ್ ರೂಟ್" ಅಂತ ಸಾಲು ಬಂದ ಮೇಲೆ ಪ್ಯಾನಿಕ್ ಆದರೆ ಅದು ಮೌಂಟಿನ ಕಾಯಿಲೆಯೇ ಅಲ್ಲ. ರೂಟ್ ಸಿಕ್ಕ ಮೇಲೆ ಕರ್ನಲ್ ಓಡಿಸುವ ಮೊದಲ ಪ್ರೋಗ್ರಾಂ, ಇನಿಟ್, ಓಡಲಿಲ್ಲ. ಮೈನಸ್ 8 ಇದ್ದರೆ ಬೇರೆ ಪ್ರೊಸೆಸರಿಗೆ ಕಟ್ಟಿದ ಬೈನರಿ. ಮೈನಸ್ 2 ಇದ್ದರೆ "ಫೈಲ್ ಇಲ್ಲ" ಅಂತ. ಆದರೆ ನೀವು ನೋಡಿದರೆ ಇನಿಟ್ ಅಲ್ಲೇ ಇರುತ್ತದೆ! ಇಲ್ಲದಿರುವುದು ಅದನ್ನು ಎಬ್ಬಿಸುವ ಲೋಡರ್. ಎಆರ್‌ಎಂ ಪ್ರೊಸೆಸರಿನಲ್ಲಿ ಹಾರ್ಡ್ ಫ್ಲೋಟ್ ಟೂಲ್‌ಚೈನಿನಿಂದ ಬಿಜಿಬಾಕ್ಸ್ (ಇನಿಟ್ ಕೂಡ ಸೇರಿರುವ ಕಮಾಂಡುಗಳ ಗುಚ್ಛ) ಕಟ್ಟಿ, ಸಾಫ್ಟ್ ಫ್ಲೋಟ್ ಲೈಬ್ರರಿಗಳನ್ನು ಹಾಕಿದರೆ ಹೀಗಾಗುತ್ತದೆ. ಎರಡರ ಲೋಡರ್ ಹೆಸರು ಬೇರೆ.

ಆಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಬರೆಯುತ್ತೇನೆ.

"ಸರ್, ಎಲ್ಲಿ ತಪ್ಪಿದೆ ಅಂತ ಗೊತ್ತೇ ಆಗದಿದ್ದರೆ?" ಅಂತ ಒಬ್ಬರು ಕೇಳಿದರು. ಹಾಗಿದ್ದಾಗ ಫ್ಲ್ಯಾಶ್ ಅನ್ನು ದಾರಿಯಿಂದ ತೆಗೆಯಿರಿ, ರೂಟ್ ಅನ್ನು ಮೆಮೊರಿಯಲ್ಲೋ ನೆಟ್‌ವರ್ಕಿನ ಮೇಲೋ ಇಡಿ. ಇನಿಟ್‌ರ್‍ಯಾಮ್‌ಎಫ್‌ಎಸ್ ಅಥವಾ ಎನ್‌ಎಫ್‌ಎಸ್‌ನಿಂದ ಬೂಟ್ ಮಾಡಿ. ಶೆಲ್ ಸಿಕ್ಕಿದ ಮೇಲೆ ಮೊದಲು ಪ್ರಾಕ್ ಡೈರೆಕ್ಟರಿಯ ಒಳಗಿನ ಸಿಎಂಡಿಲೈನ್ ಫೈಲ್ ನೋಡಿ. ನೀವು ಕೊಟ್ಟೆ ಅಂದುಕೊಂಡದ್ದು ಕರ್ನಲ್‌ಗೆ ತಲುಪಿದೆಯಾ? ನೂರಕ್ಕೆ ಎಷ್ಟೋ ಸಲ ತಲುಪಿರುವುದಿಲ್ಲ. ಆಮೇಲೆ ಪ್ರಾಕ್ ಎಂಟಿಡಿ ನೋಡಿ, ಪಾಲುಪತ್ರ ಸರಿ ಇದೆಯಾ ಅಂತ. ಆಮೇಲೆ ಕೈಯಿಂದ ಅಟ್ಯಾಚ್ ಮಾಡಿ, ಕೈಯಿಂದ ಮೌಂಟ್ ಮಾಡಿ. ಪ್ಯಾನಿಕ್ ಆಗುವುದಿಲ್ಲ, ಎರರ್ ಮಾತ್ರ ಬರುತ್ತದೆ. ಸಾವಧಾನವಾಗಿ ಓದಬಹುದು.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ: "ನಮ್ಮ ಹತ್ರ ನ್ಯಾಂಡ್ ಇರೋ ಬೋರ್ಡೇ ಇಲ್ಲ ಸರ್, ಲ್ಯಾಪ್‌ಟಾಪ್ ಮಾತ್ರ. ಹೇಗೆ ಕಲಿಯೋದು?" ಬೋರ್ಡ್ ಬೇಡ. ಲಿನಕ್ಸ್‌ನಲ್ಲಿ "ನ್ಯಾಂಡ್‌ಸಿಮ್" ಅಂತ ಮಾಡ್ಯೂಲ್ ಇದೆ. ರ್‍ಯಾಮ್‌ನಲ್ಲೇ ಒಂದು ನ್ಯಾಂಡ್ ಚಿಪ್ ಇರುವ ಹಾಗೆ ನಟಿಸುತ್ತದೆ. 2048 ಬೈಟ್ ಪುಟದ, 256 ಎಂಬಿಯ ಚಿಪ್ ಬೇಕಾದರೆ ನಾಲ್ಕು ಐಡಿ ಬೈಟ್ ಕೊಡಿ: 20, ಎಎ, 00, 15, ಎಲ್ಲ ಹೆಕ್ಸ್‌ನಲ್ಲಿ. ಮೊದಲು ಸರಿಯಾದ ಲೆಕ್ಕದಲ್ಲಿ ಇಮೇಜ್ ಕಟ್ಟಿ ಮೌಂಟ್ ಮಾಡಿ. ಆಮೇಲೆ ಬೇಕಂತಲೇ 126976 ಹಾಕಿ ಕಟ್ಟಿ. ಡಿಎಂಇಎಸ್‌ಜಿಯಲ್ಲಿ (ಕರ್ನಲ್ ಲಾಗ್ ತೋರಿಸುವ ಕಮಾಂಡು) ಅದು ಬೈಯುವುದನ್ನು ಪೂರ್ತಿ ಓದಿ, ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಮುಂದೆ ಬೋರ್ಡಿನಲ್ಲಿ ಅದೇ ಬೈಗುಳ ಕಂಡಾಗ ಗುರುತು ಸಿಗುತ್ತದೆ.